ಹರಿಗೋಲಿನ ಒಡನಾಟ: ಕಾವೇರಿ ಸೀಮೆಯ ಅಂಬಿಗರ ಚರಿತ್ರೆ

ಶ್ರೀರಂಗಪಟ್ಟಣ ಸೀಮೆಯ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಹೊಳೆಗೆ ಕಟ್ಟೆ ಕಟ್ಟಿದವರ, ಹೊಳೆಯನ್ನು ಕೋಟೆಯ ಕಂದಕವಾಗಿ ಬಳಸಿದವರ, ಅದರ ಮೇಲೆ ಸೇತುವೆ ಹಾಸಿದವರ ಚರಿತ್ರೆಯನ್ನೇ ಬರೆದಿದ್ದಾರೆ. ಗಂಗರ ಕಾಲದಲ್ಲಿ ರಂಗನಾಥನ ಗುಡಿ ಎದ್ದಂದಿನಿಂದ ವಿಜಯನಗರದ ಪ್ರತಿನಿಧಿಗಳು, ಮೈಸೂರು ಒಡೆಯರು, ಹೈದರ್ ಮತ್ತು ಟಿಪ್ಪು ಇವರೆಲ್ಲರ ಆಳ್ವಿಕೆಯನ್ನು ಕಂಡ, ಕಾವೇರಿಯ ನಡುವಣ ಈ ದ್ವೀಪಕ್ಕೆ ಜನ, ಧಾನ್ಯ, ದನಕರು, ಕಾಗದಪತ್ರಗಳು ಹೇಗೆ ಹೋಗಿ ಬರುತ್ತಿದ್ದವು ಎಂಬ ಪ್ರಶ್ನೆಗೆ ಆ ಗ್ರಂಥಗಳಲ್ಲಿ ಸಿಗುವ ಉತ್ತರ ತೀರ ಚಿಕ್ಕದು. ಬೇಸಿಗೆಯಲ್ಲಿ ಬಂಡೆಯಿಂದ ಬಂಡೆಗೆ ಕಾಲಿಟ್ಟು ದಾಟಬಹುದಾದ ಕಾವೇರಿಯು ಮುಂಗಾರು ಹಿಡಿದ ಮೇಲೆ ತಿಂಗಳುಗಟ್ಟಲೆ ಎರಡೂ ದಡ ತುಂಬಿ ಹರಿಯುತ್ತಿದ್ದಾಗ, ಈ ಸೀಮೆಯ ಬದುಕು ನಿಂತುಹೋಗದಂತೆ ನೋಡಿಕೊಂಡವರು ಹರಿಗೋಲು ನಡೆಸುತ್ತಿದ್ದ ಅಂಬಿಗರು. ಅವರ ಕಸುಬಿನ ಚರಿತ್ರೆ ನೀರಿನ ಮೇಲೆ ಹುಟ್ಟಿದ ಒಂದು ಒಡನಾಟದ ಚರಿತ್ರೆಯೂ ಹೌದು. ಆ ಒಡನಾಟ ಜಾತಿಯ ಕಟ್ಟಿನಿಂದಷ್ಟೇ ಬಂದುದಲ್ಲ, ದೋಣಿಯ ಆಕಾರವೂ ಹೊಳೆಯ ಸ್ವಭಾವವೂ ಸೇರಿ ಅದನ್ನು ಅನಿವಾರ್ಯ ಮಾಡಿದವು.

ಹರಿಗೋಲೆಂದರೆ ಬಿದಿರನ್ನು ಸೀಳಿ ತೆಗೆದ ದಬ್ಬೆಗಳನ್ನು ಹೆಣೆದು ಮಾಡಿದ, ತಳ ಹೆಚ್ಚುಕಡಿಮೆ ಚಪ್ಪಟೆಯಾಗಿ ಅಂಚು ಮೇಲಕ್ಕೆ ಬಾಗಿದ, ದೊಡ್ಡ ಬುಟ್ಟಿಯಂತಹ ದುಂಡು ದೋಣಿ. ಈ ಭಾಗದ ಆಡುಮಾತಿನಲ್ಲಿ ಅದಕ್ಕೆ ತೆಪ್ಪವೆಂಬ ಹೆಸರೂ ಇದೆ. ಮೇಲುಕೋಟೆಯ ಕಲ್ಯಾಣಿಯಲ್ಲಿ ಉತ್ಸವಮೂರ್ತಿಯನ್ನು ಕೂರಿಸಿ ತೇಲಿಸುವ ಅಲಂಕೃತ ಮಂಟಪವೂ ತೆಪ್ಪವೇ ಆದುದರಿಂದ ಎರಡನ್ನೂ ಬೇರೆಬೇರೆಯಾಗಿ ಗುರುತಿಸಿಕೊಳ್ಳಬೇಕು. ಹೆಣಿಗೆಯ ಹೊರಮೈಗೆ ಹಿಂದೆ ಹದಮಾಡಿದ ದನ ಅಥವಾ ಎಮ್ಮೆಯ ತೊಗಲನ್ನು ಹೊದಿಸಿ ಹೊಲಿಯುತ್ತಿದ್ದರು; ಇಪ್ಪತ್ತನೆಯ ಶತಮಾನದಲ್ಲಿ ತೊಗಲಿನ ಜಾಗಕ್ಕೆ ಟಾರ್ಪಾಲು, ಗೋಣಿತಟ್ಟು, ಪ್ಲಾಸ್ಟಿಕ್ ಹಾಳೆಗಳು ಬಂದು, ಅವುಗಳ ಮೇಲೆ ಡಾಂಬರು ಬಳಿಯುವುದು ರೂಢಿಯಾಯಿತು. ಕಾವೇರಿಯ ಹರಿಗೋಲುಗಳು ತುಂಗಭದ್ರೆ ಮತ್ತು ಕೃಷ್ಣೆಯವುಗಳಿಗಿಂತ ಸಾಮಾನ್ಯವಾಗಿ ಚಿಕ್ಕವು. ಒಬ್ಬನೇ ಆಳು ಮಗುಚಿ ತಲೆಯ ಮೇಲೆ ಹೊತ್ತು ದಡದುದ್ದಕ್ಕೂ ನಡೆಯಬಲ್ಲಷ್ಟು ಹಗುರವಾದವು. ಈ ಹಗುರತನವು ಸೌಲಭ್ಯಕ್ಕಿಂತ ಹೆಚ್ಚಾಗಿ ಅಗತ್ಯವಾಗಿತ್ತು. ದುಂಡು ದೋಣಿಗೆ ಮುಂದು ಹಿಂದು ಎಂಬುದಿಲ್ಲ, ನೀರನ್ನು ಸೀಳುವ ಮೂತಿಯಿಲ್ಲ, ತಳದಲ್ಲಿ ನೀರನ್ನು ಹಿಡಿದು ನಿಲ್ಲುವ ಏಣೂ ಇಲ್ಲ. ಆದುದರಿಂದ ಪ್ರವಾಹವು ಅದನ್ನು ದಾಟುವಷ್ಟು ಹೊತ್ತೂ ಕೆಳಕ್ಕೆ ಒಯ್ಯುತ್ತಲೇ ಇರುತ್ತದೆ. ಎದುರು ದಡದ ಯಾವ ಜಾಗದಲ್ಲಿ ಇಳಿಯಬೇಕೋ ಅದಕ್ಕಿಂತ ಬಹಳ ಮೇಲೆ ಹೊಳೆಗಿಳಿದು, ನೀರಿನ ಸೆಳೆತವನ್ನು ಲೆಕ್ಕ ಹಾಕಿ ಓರೆಯಾಗಿ ದಾಟಿ, ಮರಳುವಾಗ ಮತ್ತೆ ದೋಣಿಯನ್ನು ಹೊತ್ತು ಮೇಲಕ್ಕೆ ನಡೆಯುವುದು ಅಂಬಿಗನ ದಿನಚರಿಯಾಗಿತ್ತು.

ಈ ದೋಣಿಯನ್ನು ನಡೆಸುವ ಸಾಧನ ಹುಟ್ಟು, ಅಂದರೆ ಅಗಲ ತುದಿಯ ಕಿರುಗೋಲು. ನೀರು ತಗ್ಗಿದ ಕಡೆ ತಳಕ್ಕೆ ಊರಿ ತಳ್ಳಲು ಬಿದಿರಿನ ಗಳ. ಅಂಬಿಗನು ದೋಣಿ ಹೋಗಬೇಕಾದ ದಿಕ್ಕಿನ ಅಂಚಿನಲ್ಲಿ ಕುಳಿತು ಅಥವಾ ನಿಂತು, ಹುಟ್ಟಿನಿಂದ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಒಂದೇ ಬದಿಗೆ ಹಾಕಿದರೆ ಹರಿಗೋಲು ಮುಂದಕ್ಕೆ ಹೋಗದೆ ಇದ್ದಲ್ಲೇ ಗಿರಕಿ ಹೊಡೆಯುತ್ತದೆ. ಬದಿ ಬದಲಿಸುವ ಲಯ ಕೈಗೆ ಹತ್ತಲು ವರ್ಷಗಳೇ ಬೇಕು. ಪ್ರವಾಸಿಗರನ್ನು ರಂಜಿಸಲು ಇಂದು ಬೇಕೆಂದೇ ತಿರುಗಿಸುವ ಗಿರಕಿಯು ಹಳೆಯ ಕಾಲದಲ್ಲಿ ಕಲಿಯುವವನ ಎಡವಟ್ಟೆನಿಸಿಕೊಂಡಿದ್ದೀತು. ಕುಳಿತವರಲ್ಲಿ ಒಬ್ಬರು ಎದ್ದರೂ ಭಾರ ಒಂದು ಕಡೆ ಸರಿಯುವುದರಿಂದ ದಾಟುವವರೆಲ್ಲರೂ ಅಂಬಿಗನ ಮಾತಿಗೆ ಒಳಪಡಬೇಕಾಗುತ್ತಿತ್ತು. ದಡದಲ್ಲಿ ಮೇಲು ಕೀಳೆಂದು ದೂರ ನಿಲ್ಲುತ್ತಿದ್ದವರು ದೋಣಿಯೊಳಗೆ ಮಂಡಿಗೆ ಮಂಡಿ ತಾಗಿಸಿ ಕೂರದೆ ಬೇರೆ ದಾರಿ ಇರಲಿಲ್ಲ.

ಈ ದೋಣಿಯ ಅತ್ಯಂತ ಸ್ಪಷ್ಟವಾದ ಹಳೆಯ ವರ್ಣನೆಯೊಂದು ಕಾವೇರಿಯಿಂದ ದೂರದ ತುಂಗಭದ್ರೆಯದು. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯಿಸ್, ಆನೆಗೊಂದಿಯ ಬಳಿ ಒಳಗೆ ಬೆತ್ತ, ಹೊರಗೆ ತೊಗಲು ಇರುವ ದುಂಡು ದೋಣಿಗಳು ಹದಿನೈದು ಇಪ್ಪತ್ತು ಜನರನ್ನು ದಾಟಿಸುತ್ತಿದ್ದುದನ್ನೂ, ಅವು ನೇರ ಸಾಗದೆ ತಿರುಗುತ್ತಲೇ ಇದ್ದುದನ್ನೂ, ದನ ಕುದುರೆಗಳು ಹೆಚ್ಚಾಗಿ ಈಜಿಯೇ ದಾಟುತ್ತಿದ್ದುದನ್ನೂ ಬರೆದು, ಈ ರಾಜ್ಯದ ಹೊಳೆಗಳಲ್ಲೆಲ್ಲ ಇಂತಹ ದೋಣಿಗಳೇ ಇರುವುದೆಂದು ಸೇರಿಸಿದ್ದಾನೆ. ಶ್ರೀರಂಗಪಟ್ಟಣವೂ ಅದೇ ರಾಜ್ಯದ ಮಹತ್ವದ ಠಾಣ್ಯವಾಗಿದ್ದುದರಿಂದ ಈ ಮಾತು ಕಾವೇರಿಗೂ ಸಲ್ಲುತ್ತದೆ. ದುಂಡು ದೋಣಿ ಈ ನಾಡಿನದಷ್ಟೇ ಅಲ್ಲ. ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ಚರಿತ್ರಕಾರ ಹೆರೊಡೋಟಸನು ತೊಗಲು ಹೊದಿಸಿದ ದುಂಡು ದೋಣಿಗಳಲ್ಲಿ ಸರಕಿನ ಜೊತೆ ಕತ್ತೆಯನ್ನೂ ಏರಿಸಿಕೊಂಡು ಬ್ಯಾಬಿಲೋನಿಗೆ ಇಳಿದು ಬಂದು, ಅಲ್ಲಿ ದೋಣಿಯ ಚೌಕಟ್ಟನ್ನು ಮಾರಿ, ತೊಗಲನ್ನು ಕತ್ತೆಯ ಮೇಲೆ ಹೇರಿ ಮರಳುತ್ತಿದ್ದ ವರ್ತಕರ ಬಗ್ಗೆ ಹೇಳುತ್ತಾನೆ. ಮದರಾಸು ಪ್ರಾಂತ್ಯದ ಮೀನುಗಾರಿಕಾ ಇಲಾಖೆಯ ನಿರ್ದೇಶಕನಾಗಿದ್ದ ಜೇಮ್ಸ್ ಹಾರ್ನೆಲ್ ದಕ್ಷಿಣ ಭಾರತದ ಹರಿಗೋಲುಗಳ ಬಗ್ಗೆ 1933ರಲ್ಲಿ ಲೇಖನವನ್ನೇ ಪ್ರಕಟಿಸಿ, ಮುಂದೆ ಬ್ರಿಟನ್ನಿನ ವೇಲ್ಸ್ ಪ್ರದೇಶದಲ್ಲಿ ಮೀನು ಹಿಡಿಯಲು ಬಳಸುತ್ತಿದ್ದ ಅದೇ ಬಗೆಯ ದೋಣಿಗಳನ್ನೂ ಅಭ್ಯಾಸ ಮಾಡಿದನು.

ಈ ಸೀಮೆಯಲ್ಲಿ ಹೊಳೆಯ ಕಸುಬು ಮಾಡುತ್ತಿದ್ದವರು ಬೆಸ್ತರು. ರಾಜ್ಯದ ಬೇರೆಡೆ ಗಂಗಾಮತಸ್ಥ, ಕಬ್ಬಲಿಗ, ಅಂಬಿಗ ಮುಂತಾದ ಹೆಸರುಗಳಿಂದ ಗುರುತಿಸಿಕೊಳ್ಳುವ ಸಮುದಾಯಗಳು ಇವರ ಬಳಗಕ್ಕೆ ಸೇರಿದವು. ಮೀನು ಹಿಡಿಯುವುದು, ಹೊಳೆ ದಾಟಿಸುವುದು, ಪಲ್ಲಕ್ಕಿ ಹೊರುವುದು, ಸುಣ್ಣ ಸುಡುವುದು ಇವು ವಸಾಹತು ಕಾಲದ ಬರಹಗಾರರು ಅವರಿಗೆ ಹೇಳಿದ ಕಸುಬುಗಳು. ಮೊದಲ ಮೂರರಲ್ಲಿ ಇರುವ ಸಮಾನ ಅಂಶವನ್ನು ಆ ಬರಹಗಾರರು ಗಮನಿಸಿದಂತಿಲ್ಲ: ಬಲೆ ಎಳೆಯುವುದಾಗಲಿ, ಪಲ್ಲಕ್ಕಿ ಹೊರುವುದಾಗಲಿ, ತುಂಬಿದ ಹೊಳೆಯಲ್ಲಿ ಜನರನ್ನು ದಾಟಿಸುವುದಾಗಲಿ, ಜೊತೆಯವನ ಹೆಜ್ಜೆಗೆ ಹೆಜ್ಜೆ, ಉಸಿರಿಗೆ ಉಸಿರು ಕೂಡಿಸದೆ ಆಗುವ ಕೆಲಸವಲ್ಲ. ಮೀನು ಹಿಡಿಯುವಾಗ ಒಬ್ಬ ಹುಟ್ಟು ಹಾಕಿದರೆ ಇನ್ನೊಬ್ಬ ಬಲೆ ಬಿಡುತ್ತಾನೆ. ಹೊಳೆಗಿಳಿಯುವ ಮುನ್ನ ಗಂಗಮ್ಮನಿಗೆ ಕೈಮುಗಿಯುವುದು ಎಲ್ಲರ ಪಾಲಿನ ಆಚಾರ. ಈ ಕಸುಬಿನವರಿಗೆ ಹಿರಿಯನಾಗಿ ಒದಗಿದವನು ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯ. ಉಳಿದ ಬಹುಪಾಲು ವಚನಕಾರರು ತಮ್ಮ ಇಷ್ಟದೈವದ ಹೆಸರನ್ನು ಅಂಕಿತವಾಗಿ, ಅಂದರೆ ವಚನದ ಕೊನೆಯ ಮುದ್ರೆಯಾಗಿ ಇಟ್ಟುಕೊಂಡಾಗ ಅವನು ತನ್ನ ಕಸುಬಿನ ಹೆಸರು ಸೇರಿದ ಸ್ವಂತ ಹೆಸರನ್ನೇ ಅಂಕಿತ ಮಾಡಿಕೊಂಡನು. ತುಂಗಭದ್ರೆಯ ದಡದ ಆ ಶರಣನ ಜಯಂತಿಯನ್ನು ಇಂದು ಜನವರಿ 21ರಂದು ರಾಜ್ಯದಾದ್ಯಂತ ಆಚರಿಸುವಾಗ ಕಾವೇರಿ ದಡದ ಬೆಸ್ತರೂ ಅವನನ್ನು ತಮ್ಮವನೆಂದೇ ಎಣಿಸುತ್ತಾರೆ.

ಹೊಳೆಯನ್ನು ಬಲ್ಲವರ ಮತ್ತು ಅರಿಯದವರ ನಡುವಣ ಅಂತರ ಯುದ್ಧಕಾಲದಲ್ಲಿ ಎದ್ದು ಕಾಣುತ್ತದೆ. 1791ರ ಮೇ ತಿಂಗಳಲ್ಲಿ ಬ್ರಿಟಿಷ್ ದಂಡನಾಯಕ ಲಾರ್ಡ್ ಕಾರ್ನ್‌ವಾಲಿಸ್ ಅರಕೆರೆಯ ಬಳಿ ಟಿಪ್ಪುವಿನ ಸೈನ್ಯವನ್ನು ಎದುರಿಸಿ ಗೆದ್ದರೂ ದ್ವೀಪದ ಮೇಲೆ ಬೀಳಲಾರದೆ, ಮಲಬಾರಿನ ಕಡೆಯಿಂದ ಬರುತ್ತಿದ್ದ ಜನರಲ್ ಅಬರ್‌ಕ್ರೋಂಬಿಯನ್ನು ಕೂಡಿಕೊಳ್ಳುವುದಕ್ಕಾಗಿ ಮೇಲ್ದಂಡೆಯ ಕನ್ನಂಬಾಡಿಯ ಹಾಯಿಗಡಕ್ಕೆ, ಎಂದರೆ ನೀರು ತಗ್ಗಿದಾಗ ನಡೆದು ದಾಟಬಹುದಾದ ಜಾಗಕ್ಕೆ, ಸಾಗಿದನು. ಅಷ್ಟರಲ್ಲಿ ಮಳೆ ಹಿಡಿದು ಹೊಳೆ ಏರತೊಡಗಿತ್ತು. ಎತ್ತುಗಳು ಸಾಯುತ್ತಿದ್ದವು, ದವಸ ಮುಗಿಯುತ್ತಿತ್ತು. ಕೊನೆಗೆ ಅವನು ಕೋಟೆ ಒಡೆಯಲೆಂದು ಅಷ್ಟು ದೂರದಿಂದ ಎಳೆದು ತಂದಿದ್ದ ಭಾರಿ ತೋಪುಗಳನ್ನು ಅಲ್ಲೇ ಹಾಳುಮಾಡಿ ಹಿಂದಿರುಗಬೇಕಾಯಿತು. ಈ ಪಾಠ ಬ್ರಿಟಿಷರಿಗೆ ಚೆನ್ನಾಗಿಯೇ ನಾಟಿತು. 1799ರಲ್ಲಿ ಜನರಲ್ ಹ್ಯಾರಿಸ್ ಮುಂಗಾರಿಗೆ ಮೊದಲೇ ಕೆಲಸ ಮುಗಿಸುವ ಆತುರದಲ್ಲಿದ್ದನು. ಮೇ 4ರ ಮಧ್ಯಾಹ್ನ, ಹೊಳೆ ಬತ್ತಿ ಬಂಡೆಗಳು ಮೇಲೆದ್ದ ಹೊತ್ತಿನಲ್ಲಿ, ಅವನ ಕೈಕೆಳಗಿನ ಸೇನಾನಿ ಬೇರ್ಡನ ಪಡೆ ನೀರಿನಲ್ಲಿ ನಡೆದೇ ದಾಟಿ ಕೋಟೆಯ ಬಿರುಕಿಗೆ ನುಗ್ಗಿತು. ಇನ್ನು ಕೆಲವೇ ವಾರ ತಳ್ಳಿದ್ದರೆ ಕಾವೇರಿಯೇ ಟಿಪ್ಪುವಿನ ಪರ ನಿಲ್ಲುತ್ತಿತ್ತು ಎಂಬ ಮಾತು ಅತಿಶಯೋಕ್ತಿಯಲ್ಲ. ಆ ಬಳಿಕ ಶ್ರೀರಂಗಪಟ್ಟಣದ ಆಡಳಿತ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ, ಅಂದರೆ ಮುಂದೆ ವಾಟರ್‌ಲೂ ಯುದ್ಧದಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್, 1803ರ ಮರಾಠಾ ಯುದ್ಧದಲ್ಲಿ ಮಳೆಗಾಲದ ಹೊಳೆಗಳನ್ನು ದಾಟಲು ತೊಗಲು ಹೊದಿಸಿದ ಬುಟ್ಟಿದೋಣಿಗಳನ್ನೇ ನೆಚ್ಚಿಕೊಂಡು, ಅವುಗಳನ್ನು ಸಿದ್ಧಪಡಿಸುವಂತೆ ಮುಂಚಿತವಾಗಿ ಆದೇಶಿಸಿದನು. ಯೂರೋಪಿನ ತೇಲುಸೇತುವೆಯ ಲೆಕ್ಕಾಚಾರವನ್ನು ಬಲ್ಲ ದಂಡನಾಯಕನು ಅಂಬಿಗರ ದೋಣಿಗೆ ತಲೆಬಾಗಿದ್ದು ಆ ಕಸುಬಿಗೆ ಸಂದ ದೊಡ್ಡ ಮನ್ನಣೆ. ಆದರೆ ಆ ದೋಣಿಗಳನ್ನು ಹೆಣೆದವರ, ನಡೆಸಿದವರ ಹೆಸರುಗಳು ಯಾವ ವಿಜಯಕಥನದಲ್ಲೂ ಕಾಣಿಸುವುದಿಲ್ಲ.

1804ರಲ್ಲಿ ದಿವಾನ್ ಪೂರ್ಣಯ್ಯನವರು ಕಲ್ಲುಕಂಬಗಳ ಮೇಲೆ ಕಲ್ಲುಚಪ್ಪಡಿ ಹಾಸಿ ಕಟ್ಟಿಸಿದ ಸೇತುವೆಗೆ ಆರ್ಥರನ ಅಣ್ಣ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರು ಬಂದಿತು. 1880ರ ದಶಕದ ಆರಂಭದಲ್ಲಿ ರೈಲೂ ದ್ವೀಪವನ್ನು ಹಾದು ಮೈಸೂರು ತಲುಪಿತು. ಸೇತುವೆಗಳಿಂದ ಪಟ್ಟಣದ ದಾಟುಕಸುಬು ಕುಗ್ಗಿದರೂ ಪೂರ್ತಿ ಅಳಿಯಲಿಲ್ಲ. ಸೇತುವೆಗಳಿಂದ ದೂರವಿದ್ದ ಹಳ್ಳಿಗಳಲ್ಲಿ, ಮುಖ್ಯವಾಗಿ ಹೇಮಾವತಿ ಹರಿಯುವ ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ, ಹೊಲಕ್ಕೂ ಸಂತೆಗೂ ನಂಟರ ಮನೆಗೂ ಹರಿಗೋಲೇ ದಾರಿಯಾಗಿತ್ತು. ಹೇಮಗಿರಿ ಮತ್ತು ಮಂದಗೆರೆಯ ಅಣೆಕಟ್ಟುಗಳು ಹೊಳೆಯನ್ನು ಮಡುಗಳಾಗಿ, ಅಂದರೆ ಆಳವಾಗಿ ನಿಂತ ನೀರಿನ ತುಂಡುಗಳಾಗಿ, ಒಡೆದಿದ್ದವು. ದುಂಡು ದೋಣಿಗೆ ಅಂತಹ ನೀರು ಹೊಂದುತ್ತದೆ.

ಈ ಚರಿತ್ರೆಯ ದೊಡ್ಡ ತಿರುವು ಯುದ್ಧದಿಂದಲೂ ಸೇತುವೆಯಿಂದಲೂ ಬಂದುದಲ್ಲ, ಕೃಷ್ಣರಾಜಸಾಗರದಿಂದ ಬಂದುದು. 1911ರಲ್ಲಿ ಆರಂಭವಾದ ಕಟ್ಟೆಯ ಕೆಲಸ 1930ರ ದಶಕದ ಮೊದಲಲ್ಲಿ ಮುಗಿದಾಗ ಗರಿಷ್ಠ 124.80 ಅಡಿಯವರೆಗೆ ನೀರು ನಿಲ್ಲಿಸಬಲ್ಲ ಜಲಾಶಯವು ಹಳೆಯ ಕನ್ನಂಬಾಡಿಯನ್ನೂ ಸುತ್ತಲಿನ ಹಳ್ಳಿಗಳನ್ನೂ, ಕಾರ್ನ್‌ವಾಲಿಸ್ ಕಾದು ಕುಳಿತ ಆ ಹಾಯಿಗಡವನ್ನೂ ಒಳಗೆ ಹಾಕಿಕೊಂಡಿತು. ಮುಳುಗಿದ ಕನ್ನಂಬಾಡಿಯ ಹೊಯ್ಸಳ ಕಾಲದ ವೇಣುಗೋಪಾಲಸ್ವಾಮಿ ದೇಗುಲದ ಕಲ್ಲುಗಳನ್ನು ಇತ್ತೀಚೆಗೆ ಸಾಗಿಸಿ ಪಾಂಡವಪುರ ತಾಲ್ಲೂಕಿನ ಹೊಸ ಕನ್ನಂಬಾಡಿಯ ದಡದಲ್ಲಿ ಮರುಜೋಡಿಸಲಾಗಿದೆ. ದೇಗುಲದ ಕಥೆ ಎಲ್ಲರಿಗೂ ಗೊತ್ತು. ಅಂಬಿಗರ ಪಾಲಿಗೆ ಆದ ಬದಲಾವಣೆಯನ್ನು ಕುರಿತು ಯಾರೂ ಹೆಚ್ಚು ಬರೆದಿಲ್ಲ. ಅಲ್ಲಿಯವರೆಗೆ ಅವರ ಎದುರಾಳಿ ಹೊಳೆಯ ಹರಿವಾಗಿತ್ತು. ಅದಕ್ಕೆ ದಿಕ್ಕಿತ್ತು, ಲೆಕ್ಕವಿತ್ತು; ಬಂಡೆಗಳ ಜಾಗ ಬಾಯಿಪಾಠವಿತ್ತು. ಹಿನ್ನೀರಿನಲ್ಲಿ ಹರಿವಿಲ್ಲ, ಗಾಳಿಯಿದೆ. ಆಷಾಢದಲ್ಲಿ ಪಡುವಲಿಂದ ಬೀಸುವ ಗಾಳಿ ಮೈಲುಗಟ್ಟಲೆ ತೆರೆದ ನೀರಿನ ಮೇಲೆ ತಡೆಯಿಲ್ಲದೆ ಓಡಿ ಅಲೆ ಎಬ್ಬಿಸುತ್ತದೆ. ಏಣಿಲ್ಲದ ದುಂಡು ದೋಣಿಯು ಗಾಳಿ ಒಯ್ದತ್ತ ಹೋಗುತ್ತದೆ. ಜಲಾಶಯ ತುಂಬುವುದೂ ಅದೇ ತಿಂಗಳುಗಳಲ್ಲಿ. ಹೊಳೆಯನ್ನು ತಲೆಮಾರುಗಳಿಂದ ಬಲ್ಲವರು ಕೆರೆಯಂತಹ, ಅರೆಗಡಲಿನಂತಹ ನೀರನ್ನು ಹೊಸದಾಗಿ ಕಲಿಯಬೇಕಾಯಿತು. ಬೆಳಗಿನ ಶಾಂತ ಹೊತ್ತಿನಲ್ಲಿ ಬಲೆ ಎತ್ತಿ ಗಾಳಿ ಏಳುವ ಮುನ್ನ ದಡ ಸೇರುವುದು, ಒಬ್ಬೊಬ್ಬರೇ ನಡುನೀರಿಗೆ ಹೋಗದೆ ಕಣ್ಣಳತೆಯಲ್ಲಿ ಇನ್ನೊಂದು ದೋಣಿ ಇರುವಂತೆ ನೋಡಿಕೊಳ್ಳುವುದು ಇಂತಹ ನೀರಿನ ವಿವೇಕ.

ಗಾಳಿಯನ್ನು ವೈರಿಯೆಂದು ಕಾಣದೆ ಅದನ್ನೇ ಹಾಯಿಗೆ ಹಿಡಿದು, ಒಂದು ಹಲಗೆಯ ಮೇಲೆ ನಿಂತು ನೀರಿನಲ್ಲಿ ಸಾಗುವ ಆಟ ಜಗತ್ತಿನ ಬೇರೆಡೆ ಬೆಳೆದದ್ದು ಬಹಳ ಈಚೆಗೆ. ಅಮೆರಿಕದ ಪೆನ್ಸಿಲ್ವೇನಿಯದ ನ್ಯೂಮನ್ ಡಾರ್ಬಿ 1964ರಲ್ಲಿ ಅಂತಹ ಹಲಗೆಯೊಂದನ್ನು ಮಾಡಿದನು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಅದು ಸ್ಪರ್ಧೆಯಾಯಿತು. ಆ ಆಟಗಾರರಲ್ಲಿ ಬಿದ್ದವನನ್ನು ಎತ್ತುವ, ಗಾಳಿಯ ಸುದ್ದಿ ಹಂಚಿಕೊಳ್ಳುವ ಬಳಗ ತಾನಾಗಿ ಕೂಡಿಕೊಳ್ಳುತ್ತದೆ. ಕನ್ನಂಬಾಡಿಯ ಹಿನ್ನೀರಿನ ಬೆಸ್ತರ ಬಳಗವೂ ಅದೇ ಗಾಳಿಯಿಂದ ಬಿಗಿಗೊಂಡದ್ದು. ವ್ಯತ್ಯಾಸವೆಂದರೆ ಅವರು ನೀರಿಗಿಳಿಯುವುದು ಅಂದಿನ ಊಟಕ್ಕಾಗಿ.

ಕೃಷ್ಣರಾಜಪೇಟೆ ತಾಲ್ಲೂಕಿನ ಅಂಬಿಗರಹಳ್ಳಿಯಲ್ಲಿ ಈ ಎಲ್ಲ ಪದರಗಳೂ ಒಟ್ಟಿಗೆ ಕಾಣುತ್ತವೆ. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಇವು ಮೂರೂ ಕೂಡುವ ಸಂಗಮವು ಅದರ ಬಳಿಯಲ್ಲಿದೆ; ಜಲಾಶಯ ತುಂಬಿದಾಗ ಆ ಸಂಗಮವೂ ಹಿನ್ನೀರೇ ಆಗುತ್ತದೆ. ಬಾಲಕನಾಗಿದ್ದ ಮಲೆ ಮಹದೇಶ್ವರನು ಇಲ್ಲಿ ದೋಣಿಯ ಹಂಗಿಲ್ಲದೆ ನೀರಿನ ಮೇಲೆ ಬಟ್ಟೆ ಹಾಸಿ ದಾಟಿದನೆಂಬ ಐತಿಹ್ಯವನ್ನು ಸ್ಥಳೀಯರು ಹೇಳುತ್ತಾರೆ. ಪವಾಡ ನಡೆದ ಜಾಗವಾಗಿ ನೆನಪಿನಲ್ಲಿ ಉಳಿದಿರುವುದು ದೋಣಿ ದಾಟಿಸುವವರ ಊರೇ ಎಂಬುದು ಚರಿತ್ರಕಾರನ ದೃಷ್ಟಿಯಿಂದ ಗಮನಾರ್ಹ. ಹೊಳೆ ದಾಟುವ ಪವಾಡಕ್ಕೆ ಬೆಲೆ ಬರುವುದು ಹೊಳೆ ದಾಟುವುದು ಕಷ್ಟವೆಂದು ಎಲ್ಲರೂ ಬಲ್ಲ ಕಡೆಯಲ್ಲಿ. 2013ರಲ್ಲಿ ಮತ್ತು 2022ರ ಅಕ್ಟೋಬರಿನಲ್ಲಿ ಇದೇ ಸಂಗಮದಲ್ಲಿ ಕುಂಭಮೇಳಗಳು ನಡೆದು, ಹರಿಗೋಲಿನ ಹಳ್ಳಿಯು ರಾಜ್ಯದ ಭೂಪಟದಲ್ಲಿ ಹೊಸ ಗುರುತು ಪಡೆಯಿತು.

ನೆರೆಯ ನಾಗಮಂಗಲ ತಾಲ್ಲೂಕಿನ ಪಾಲು ಈ ಚರಿತ್ರೆಯಲ್ಲಿ ಕಡಿಮೆ. ಅದು ಕೆರೆಗಳ ಒಣ ಸೀಮೆ. ದೊಡ್ಡ ಹೊಳೆಯಿಲ್ಲದ ಕಡೆ ದಾಟುಕಸುಬು ಬೆಳೆಯಲು ಎಡೆಯಿಲ್ಲ, ಅಲ್ಲಿ ತೆಪ್ಪವು ಕೆರೆಯಲ್ಲಿ ಮೀನು ಹಿಡಿಯುವ ಸಾಧನವಾಗಿಯೇ ಉಳಿಯಿತು. ಕೆರೆ ತುಂಬಿದ ವರ್ಷ ಮೀನು, ಬತ್ತಿದ ವರ್ಷ ಕೂಲಿ.

ಹೊಳೆಯ ಅರಿವು ಹೊಸ ಬಗೆಯ ಕೆಲಸಕ್ಕೆ ತಿರುಗಿದ ಇನ್ನೊಂದು ಜಾಗ ರಂಗನತಿಟ್ಟು. ಹದಿನೇಳನೆಯ ಶತಮಾನದ ನಡುವಿನಲ್ಲಿ ರಣಧೀರ ಕಂಠೀರವ ನರಸರಾಜ ಒಡೆಯರು ಬಂಗಾರದೊಡ್ಡಿ ನಾಲೆಗಾಗಿ ಕಟ್ಟಿಸಿದ ಅಣೆಯಿಂದ ಅಲ್ಲಿ ನಡುಗಡ್ಡೆಗಳು ಉಂಟಾಗಿದ್ದವು. ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆಗೆ ಬಂದಿದ್ದ ಡಾ. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಅದನ್ನು ಪಕ್ಷಿಧಾಮವೆಂದು ಘೋಷಿಸಲಾಯಿತು. 2022ರಲ್ಲಿ ಅದು ಜಾಗತಿಕ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಯಂತ್ರದ ಸದ್ದಿಗೆ ಹಕ್ಕಿಗಳು ಬೆದರುವುದರಿಂದ ಅಲ್ಲಿ ಇಂದಿಗೂ ಹುಟ್ಟು ಹಾಕಿಯೇ ದೋಣಿ ನಡೆಸುತ್ತಾರೆ. ಬಣ್ಣದ ಕೊಕ್ಕರೆ ಯಾವ ಮರದಲ್ಲಿ ಗೂಡು ಕಟ್ಟುತ್ತದೆ, ಮೊಸಳೆ ಯಾವ ಬಂಡೆಯ ಮೇಲೆ ಬಿಸಿಲು ಕಾಯುತ್ತದೆ ಎಂಬುದನ್ನು ಬಲ್ಲ ದೋಣಿಯವರು ಎಷ್ಟೋ ಪಕ್ಷಿವೀಕ್ಷಕರಿಗೂ ಛಾಯಾಗ್ರಾಹಕರಿಗೂ ಮೊದಲ ಗುರುಗಳಾಗಿದ್ದಾರೆ. ದಾಟಿಸುವ ಕೆಲಸ ತೋರಿಸುವ ಕೆಲಸವಾಯಿತು, ಅಷ್ಟೆ. ಬಲಮುರಿಯಲ್ಲಿ, ಶ್ರೀರಂಗಪಟ್ಟಣದ ಸಂಗಮದಲ್ಲಿ ಪ್ರವಾಸಿಗರನ್ನು ಹತ್ತಿಸಿಕೊಳ್ಳುವ ಹರಿಗೋಲುಗಳದೂ ಇದೇ ಕಥೆ. 2018 ಮತ್ತು 2019ರಲ್ಲಿ ಕಟ್ಟೆಯಿಂದ ಲಕ್ಷ ಕ್ಯೂಸೆಕ್‌ಗೂ ಮಿಕ್ಕಿ ನೀರು ಬಿಟ್ಟಾಗ ರಂಗನತಿಟ್ಟಿನ ದೋಣಿವಿಹಾರ ನಿಂತಿತು. ಪ್ರವಾಹದ ಕಾಲವು ಹಳೆಯ ಅಂಬಿಗನಿಗೆ ದುಡಿಮೆಯ ಕಾಲವಾಗಿತ್ತು, ಇಂದಿನವನಿಗೆ ಅದು ಕೆಲಸವಿಲ್ಲದ ಕಾಲ.

ಆದರೂ ಅಂತಹ ಹೊತ್ತಿನಲ್ಲಿ ಅವರ ಮನೆಬಾಗಿಲಿಗೆ ಕರೆ ಬರುತ್ತದೆ. ನಡುಗಡ್ಡೆಯಲ್ಲಿ ಸಿಕ್ಕಿಕೊಂಡವರನ್ನು ಕರೆತರಲು, ಸ್ನಾನಕ್ಕಿಳಿದು ಮುಳುಗಿದವರನ್ನು ಹುಡುಕಲು ಪೊಲೀಸರೂ ಅಗ್ನಿಶಾಮಕ ದಳದವರೂ ಸ್ಥಳೀಯ ಈಜುಗಾರರ, ಹರಿಗೋಲಿನವರ ನೆರವು ಪಡೆಯುವುದು ಈ ತಾಲ್ಲೂಕುಗಳಲ್ಲಿ ವಾಡಿಕೆ; ಮಡು ಎಲ್ಲಿದೆ, ಸುಳಿ ಎಲ್ಲಿ ಎಳೆಯುತ್ತದೆ, ಒಳನೀರು ದೇಹವನ್ನು ಎಲ್ಲಿಗೆ ಒಯ್ದು ಬಿಡುತ್ತದೆ ಎಂಬ ಲೆಕ್ಕ ನಕ್ಷೆಯಲ್ಲಿ ಸಿಗುವುದಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತಾಗಲೂ ಮೊದಲು ನೀರಿಗೆ ಧುಮುಕಿದವರು ಸುತ್ತಲಿನ ಹಳ್ಳಿಗರೇ. ಅವರೆಲ್ಲ ಅಂಬಿಗರೇನಲ್ಲ. ನೀರಿನ ಮಗ್ಗುಲಲ್ಲಿ ಬದುಕುವ ಊರುಗಳಲ್ಲಿ, ಮುಳುಗುವವನ ಕುಲಗೋತ್ರ ಕೇಳದೆ ಇಳಿಯುವ ರೂಢಿ ಒಂದು ಕಸುಬಿನ ಗಡಿ ದಾಟಿ ಹರಡಿದೆ ಎಂದಷ್ಟೇ ಹೇಳಬಹುದು.

ಇಂದು ಫೈಬರಿನ ಹರಿಗೋಲುಗಳು ಬಂದಿವೆ, ಕೂರುವವರಿಗೆ ಜೀವರಕ್ಷಕ ಅಂಗಿ ತೊಡಿಸುವ ನಿಯಮ ಬಂದಿದೆ, ಮೀನು ಹಿಡಿಯುವ ಹಕ್ಕು ಸಹಕಾರ ಸಂಘಗಳ ಮತ್ತು ಗುತ್ತಿಗೆಯ ವ್ಯವಹಾರವಾಗಿದೆ, ಸರ್ಕಾರವು ಅಂಬಿಗರ ಚೌಡಯ್ಯನ ಹೆಸರಿನಲ್ಲಿ ಅಭಿವೃದ್ಧಿ ನಿಗಮವನ್ನೂ ಸ್ಥಾಪಿಸಿದೆ. ಹಿನ್ನೀರಿನ ಮೀನುಗಾರರು ಮಾತ್ರ ಬಿದಿರಿನ ತೆಪ್ಪವನ್ನು ಇನ್ನೂ ಬಿಟ್ಟಿಲ್ಲ. ಫೈಬರ್ ಸೀಳಿದರೆ ಪಟ್ಟಣದ ಕೆಲಸಗಾರನನ್ನು ಹುಡುಕಬೇಕು. ದಬ್ಬೆ ಮುರಿದರೆ ಹೊಸ ದಬ್ಬೆ ಸಿಕ್ಕಿಸಿ, ಹರಿದ ಕಡೆ ತುಂಡು ಹಚ್ಚಿ, ಡಾಂಬರು ಬಳಿದು ಮರುದಿನವೇ ನೀರಿಗಿಳಿಸಬಹುದು, ಅದಕ್ಕೆ ಪಕ್ಕದ ಮನೆಯವನ ಇನ್ನೆರಡು ಕೈ ಇದ್ದರೆ ಸಾಕು.